ಸೀ ಸ್ಲಗ್ ತಂದ್ಮೇಲೆ ಮೀನು ಮೇಲ್ಗಡೆ ಬಂದು ಬಾಯಿ ಬಿಡ್ತಿವೆ, ಟೆಸ್ಟ್ ಎಲ್ಲಾ ನಾರ್ಮಲ್!! ಅರ್ಜೆಂಟ್

ಉಪ್ಪುನೀರ್_ಹುಚ್ಚ:
ಎಲ್ರಿಗೂ ನಮಸ್ಕಾರ, ಸ್ವಲ್ಪ ಬೇಗ ಹೇಳಿ ಪ್ಲೀಸ್. 200 ಲೀಟರ್ ಮರೈನ್ ಟ್ಯಾಂಕ್, ಸೆಟ್ ಮಾಡಿ ವರ್ಷದ ಮೇಲಾಯ್ತು, ಎರಡು ಕ್ಲೌನ್ ಮೀನು, ಒಂದು ಡ್ಯಾಮ್ಸೆಲ್ ಮೀನು, ಒಂದು ಕ್ಲೀನರ್ ಶ್ರಿಂಪ್ (ಸಿಗಡಿ). ಹೋದ ವಾರ ಅಂಗಡೀಲಿ ಒಂದು ಸೀ ಸ್ಲಗ್ (ಚಿಪ್ಪಿಲ್ಲದ ಕಡಲ ಬಸವನಹುಳು) ನೋಡ್ದೆ, ಕಪ್ಪು ಮೈ, ಅದ್ರ ಮೇಲೆ ಬೂದು-ನೀಲಿ ಗಂಟುಗಳು ಸಾಲಾಗಿ, ಒಂದೊಂದು ಗಂಟಿನ ತುದೀಲೂ ಹಳದಿ ಬೊಟ್ಟು, ಬೆರಳುದ್ದ ಇದೆ. ಗ್ಲಾಸ್ ಮೇಲಿನ ಪಾಚಿ ತಿನ್ನತ್ತೆ ಸಾರ್, ಬೇರೆ ಏನೂ ಹಾಕೋದೇ ಬೇಡ ಅಂದ್ರು, ತಂದೆ. ಪಾಚಿ ಕಡೆ ತಿರುಗೂ ನೋಡಿಲ್ಲ ಅದು, ದಿನಾ ಸ್ವಲ್ಪ ಸ್ವಲ್ಪ ಸಣ್ಣ ಆಗ್ತಿರೋ ಹಾಗಿದೆ. ಇವತ್ತು ಬೆಳಿಗ್ಗೆ ವೇವ್‌ಮೇಕರ್ (ನೀರಲ್ಲಿ ಅಲೆ ಎಬ್ಬಿಸೋ ಪಂಪ್) ಜಾಲರಿಗೆ ಅಂಟ್ಕೊಂಡಿತ್ತು, ಬಿಡಿಸಿ ಕಲ್ಲಿನ ಮೇಲೆ ಬಿಟ್ಟೆ, ಮಧ್ಯಾಹ್ನ ನೋಡಿದ್ರೆ ಡ್ಯಾಮ್ಸೆಲ್ ಸತ್ತಿದೆ, ಶ್ರಿಂಪ್ ಮಗುಚ್ಕೊಂಡು ಕಾಲು ಆಡಿಸ್ತಿದೆ, ಕ್ಲೌನ್ ಎರಡೂ ಮೇಲೆ ಬಂದು ಉಸಿರಿಗೆ ಒದ್ದಾಡ್ತಿವೆ. ಅಮೋನಿಯಾ 0, ನೈಟ್ರೈಟ್ 0, ನೈಟ್ರೇಟ್ 10, ಸ್ಯಾಲಿನಿಟಿ 1.025, ಟೆಂಪರೇಚರ್ 26. ಏನಾಗಿದೆ ಅಂತಾನೇ ಗೊತ್ತಾಗ್ತಿಲ್ಲ

ಟ್ಯಾಂಕ್_ಮೈಸೂರು:
ರಾತ್ರಿ ಕರೆಂಟ್ ಹೋಗಿತ್ತಾ? ಮೇಲೆ ಬಂದು ಬಾಯಿ ಬಿಡ್ತಿವೆ ಅಂದ್ರೆ ಆಕ್ಸಿಜನ್ ಕಮ್ಮಿ ಇರ್ಬೇಕು. ಇನ್ನೊಂದು, ಬಿಳಿಚುಕ್ಕೆ ರೋಗಕ್ಕೆ ಅಂತ ಕಾಪರ್ ಮೆಡಿಸಿನ್ ಏನಾದ್ರೂ ಹಾಕಿದ್ರಾ, ಶ್ರಿಂಪ್‌ಗೆ ಅದು ವಿಷ

ಉಪ್ಪುನೀರ್_ಹುಚ್ಚ:
ಕರೆಂಟ್ ಇತ್ತು, ನೊರೆ ಎಬ್ಬಿಸಿ ಕೊಳೆ ತೆಗೆಯೋ ಸ್ಕಿಮ್ಮರ್ ಓಡ್ತಾನೇ ಇದೆ. ಯಾವ ಔಷಧೀನೂ ಹಾಕಿಲ್ಲ

ಕಡಲ್_ಕರೆ_ಮುರುಡೇಶ್ವರ:
ಮೊದ್ಲು ಆ ಸ್ಲಗ್ ಹೊರಗೆ ತೆಗೀರಿ ಮಾರಾಯ್ರೆ, ಉಳಿದದ್ದು ಆಮೇಲೆ. ಕೈಯಲ್ಲಿ ಹಿಡೀಬೇಡಿ, ಬಲೆಯಲ್ಲಿ ಉಜ್ಜಬೇಡಿ, ಒಂದು ಡಬ್ಬಿ ನೀರೊಳಗೇ ಇಳಿಸಿ ನೀರಿನ ಸಮೇತ ಎತ್ತಿ ಬೇರೆ ಬಕೆಟ್ಟಿಗೆ ಹಾಕಿ. ಹಾಕುವಾಗ ಎರಡು ವಿಷಯ ನೋಡಿ ಹೇಳಿ: ಬೆನ್ನಿನ ಹಿಂಭಾಗದಲ್ಲಿ ಹೂವಿನ ಹಾಗೆ ಬಿಚ್ಚಿಕೊಂಡ ಕಿವಿರು ಉಂಟಾ? ಅಡಿಭಾಗದಲ್ಲಿ ನಡುವೆ ಉದ್ದಕ್ಕೆ ಕಪ್ಪು ಗೆರೆ ಉಂಟಾ?

ಉಪ್ಪುನೀರ್_ಹುಚ್ಚ:
ತೆಗ್ದೆ. ಹೂವಿನ ಥರದ್ದು ಏನೂ ಇಲ್ಲ. ಡಬ್ಬಿ ಗೋಡೆ ಹತ್ತುವಾಗ ಅಡಿ ಕಾಣ್ತು, ಹೌದು, ಬೂದು ಬಣ್ಣದ ಮಧ್ಯೆ ಕಪ್ಪು ಗೆರೆ ಇದೆ. ಮುಂದ್ಗಡೆ ಎರಡು ಹಳದಿ ಕೊಂಬು. ಮೈಮೇಲೆ ಬಿಳಿ ಲೋಳೆ ಥರ ಇದೆ

ಕಡಲ್_ಕರೆ_ಮುರುಡೇಶ್ವರ:
ಹಾಗಾದ್ರೆ ಫಿಲಿಡಿಯಾ ವ್ಯಾರಿಕೋಸಾ. ಲಕ್ಷದ್ವೀಪದ ಕಡೆ ಎಲ್ಲ ಇದೆ ಇದು, ನೋಡ್ಲಿಕ್ಕೆ ಭಾರಿ ಚಂದ, ಆದ್ರೆ ಟ್ಯಾಂಕಿಗೆ ಮಾತ್ರ ತರಲೇಬಾರದ ಜಾತಿ. ಇದು ತಿನ್ನೋದು ಸ್ಪಂಜು, ಪಾಚಿ ಅಲ್ಲವೇ ಅಲ್ಲ. ಇದಕ್ಕೆ ಹಲ್ಲಿನ ಪಟ್ಟಿಯೇ ಇಲ್ಲ, ಸ್ಪಂಜನ್ನ ಕರಗಿಸಿ ಹೀರಿಕೊಳ್ತದೆ, ಹೀರುವಾಗ ಸ್ಪಂಜಲ್ಲಿದ್ದ ವಿಷಾನೂ ತನ್ನ ಮೈಗೆ ತುಂಬಿಸ್ಕೊಳ್ತದೆ. ಪೆಟ್ಟಾದ್ರೆ, ಯಾರಾದ್ರೂ ಒತ್ತಿದ್ರೆ ಆ ವಿಷ ಲೋಳೆ ಜೊತೆ ನೀರಿಗೆ ಬಿಡ್ತದೆ, ಮೀನಿಗೂ ಸಿಗಡಿಗೂ ಎರಡಕ್ಕೂ ಅದು ಆಗೋದಿಲ್ಲ. 1963ರಲ್ಲೇ ಜೊಹಾನೆಸ್ ಅನ್ನುವ ವಿಜ್ಞಾನಿ ಇದನ್ನ ಬರೆದಿಟ್ಟಿದ್ದಾರೆ, 1975ರಲ್ಲಿ ಬೇರೆ ವಿಜ್ಞಾನಿಗಳು ಆ ರಾಸಾಯನಿಕ ಯಾವುದು ಅಂತಲೂ ಬೇರೆ ಮಾಡಿ ತೋರಿಸಿದ್ರು. ನಿಮ್ಮ ಟೆಸ್ಟ್ ಕಿಟ್‌ಗೆ ಅದು ಸಿಗೋದೇ ಇಲ್ಲ, ಅದಕ್ಕೇ ಎಲ್ಲ ನಾರ್ಮಲ್ ಅಂತ ತೋರಿಸ್ತಿರೋದು. ವೇವ್‌ಮೇಕರ್‌ಗೆ ಸಿಕ್ಕಿದಾಗ ಬಿಟ್ಟಿರಬೇಕು.

ಈಗ ಮಾಡ್ಬೇಕಾದ್ದು, ಆಕ್ಟಿವೇಟೆಡ್ ಕಾರ್ಬನ್ ಹೊಸತು, ಚೆನ್ನಾಗಿ ತೊಳೆದು ನೀರು ಹರಿಯೋ ಜಾಗದಲ್ಲಿ ಹಾಕಿ, ಹಳೇದು ಇದ್ರೆ ಬಿಸಾಕಿ. ಮೂರರಲ್ಲಿ ಒಂದು ಪಾಲು ನೀರು ಬದಲಿಸಿ, ಉಪ್ಪು ಮತ್ತು ಬಿಸಿ ಎರಡೂ ಹೊಂದಿಸಿಯೇ ಹಾಕಿ, ಗಡಿಬಿಡಿಯಲ್ಲಿ ತಣ್ಣಗಿನ ನೀರು ಸುರೀಬೇಡಿ. ಗಾಳಿಗುಳ್ಳೆ ಬಿಡೋ ಏರ್‌ಸ್ಟೋನ್ ಹಾಕಿ. ಸತ್ತ ಮೀನು ತೆಗೀರಿ. ಬೇರೆ ಟ್ಯಾಂಕ್ ರೆಡಿ ಇದ್ರೆ ಕ್ಲೌನ್ ಅಲ್ಲಿಗೆ ಹಾಕಿ

ಉಪ್ಪುನೀರ್_ಹುಚ್ಚ:
ಸಾರ್ ತುಂಬಾ ಥ್ಯಾಂಕ್ಸ್, ಬೇರೆ ಟ್ಯಾಂಕ್ ಇಲ್ಲ, ಮಿಕ್ಸ್ ಮಾಡಿಟ್ಟ ನೀರು 70 ಲೀಟರ್ ಇತ್ತು, ಎಲ್ಲಾ ಹಾಕಿದೆ, ಕಾರ್ಬನ್ನೂ ಹಾಕಿದೆ. ಕ್ಲೌನ್ ಎರಡೂ ಈಗ ಕೆಳಗೆ ಇಳಿದಿವೆ, ಇನ್ನೂ ಜೋರಾಗಿ ಉಸಿರಾಡ್ತಿವೆ ಆದ್ರೆ ಮೇಲೆ ಬರ್ತಿಲ್ಲ. ಶ್ರಿಂಪ್ ಹೋಯ್ತು. ಸ್ಲಗ್ ಬಕೆಟ್ಟಲ್ಲಿ ಓಡಾಡ್ತಿದೆ, ಅದನ್ನ ಏನ್ಮಾಡ್ಲಿ? ಮಂಗಳೂರ್ ಕಡೆ ಹೋಗೋ ಫ್ರೆಂಡ್ ಇದಾನೆ, ಸಮುದ್ರಕ್ಕೆ ಬಿಡಿಸ್ಲಾ

ಕಡಲ್_ಕರೆ_ಮುರುಡೇಶ್ವರ:
ಬೇಡ. ಯಾವ ಕಡಲಿನದ್ದು ಅಂತ ಗೊತ್ತಿಲ್ಲ, ಅಂಗಡಿ ಟ್ಯಾಂಕಲ್ಲಿ ಏನೇನು ರೋಗ ಅಂಟಿದೆಯೋ ಅದೂ ಗೊತ್ತಿಲ್ಲ, ನಮ್ಮ ಕಡಲಿಗೆ ತಂದು ಸುರೀಬೇಡಿ. ಬಕೆಟ್ಟಲ್ಲೇ ಏರ್‌ಸ್ಟೋನ್ ಹಾಕಿಡಿ. ನಿಜ ಹೇಳ್ಬೇಕಂದ್ರೆ ಉಳಿಯೋದು ಕಷ್ಟ, ಸಣ್ಣ ಆಗ್ತಿರೋದು ನಿಮ್ಮ ಭ್ರಮೆ ಅಲ್ಲ, ಉಪವಾಸ ಬಿದ್ರೆ ಇವು ತಮ್ಮ ಮೈಯನ್ನೇ ಕರಗಿಸಿಕೊಂಡು ಕುಗ್ತಾ ಹೋಗ್ತವೆ. ಅದರದ್ದೇ ಸ್ಪಂಜು ಬೇಕು, ಪೇಟೆಯಲ್ಲಿ ಎಲ್ಲಿಂದ ತರ್ತೀರಿ? ವಾಪಸ್ ಕೊಟ್ರೆ ನಾಳೆ ಇನ್ನೊಬ್ರಿಗೆ ಪಾಚಿ ತಿನ್ನತ್ತೆ ಅಂತಲೇ ಮಾರ್ತಾರೆ.

ಬಣ್ಣ ನೋಡ್ಬೇಕಂದ್ರೆ ಇಲ್ಲಿ ಬನ್ನಿ. ಅಮಾವಾಸ್ಯೆ ಹುಣ್ಣಿಮೆ ಹತ್ರ ನೀರು ಪೂರ್ತಿ ಇಳಿದಾಗ ಬಂಡೆ ಸಂದಿಯ ಹೊಂಡಗಳಲ್ಲಿ ಬಗ್ಗಿ ನೋಡಿದ್ರೆ ಸಿಕ್ತವೆ, ಅಥವಾ ನೇತ್ರಾಣಿ ದ್ವೀಪದ ಹತ್ರ ಡೈವ್ ಮಾಡಿ. ಸ್ಲಗ್ ಹುಡುಕೋ ಬದಲು ಸುರುಳಿ ಸುತ್ತಿದ ರಿಬ್ಬನ್ ಹಾಗಿರೋ ಮೊಟ್ಟೆ ಹುಡುಕಿ, ಅದು ಸಿಕ್ಕಿದ್ರೆ ಇಟ್ಟವರೂ ಅಲ್ಲೇ ಎಲ್ಲೋ ಇರ್ತಾರೆ. ಕಲ್ಲು ಎತ್ತಿದ್ರೆ ಹಾಗೇ ವಾಪಸ್ ಇಡಿ, ಜನ ಮಗುಚಿ ಹಾಕಿ ಹೋಗ್ತಾರೆ, ಅಡಿಯಲ್ಲಿದ್ದದ್ದೆಲ್ಲ ಬಿಸಿಲಿಗೆ ಒಣಗಿ ಸಾಯ್ತದೆ

ಟ್ಯಾಂಕ್_ಮೈಸೂರು:
ನಾನು ಆಕ್ಸಿಜನ್ ಅನ್ಕೊಂಡಿದ್ದೆ, ಇದು ಬೇರೆ ಕಥೇನೇ. ಪಾಚಿಗೆ ಅಂದ್ರೆ ಟರ್ಬೋ, ಟ್ರೋಕಸ್ ಬಸವನಹುಳು ಸಾಕು ಬಿಡಿ. ಸೀ ಹೇರ್ ಅನ್ನೋ ಸ್ಲಗ್ ಪಾಚಿ ನಿಜವಾಗ್ಲೂ ತಿನ್ನತ್ತೆ, ಆದ್ರೆ ಸಣ್ಣ ಟ್ಯಾಂಕ್‌ನ ಪಾಚಿ ಬೇಗ ಖಾಲಿ ಮಾಡಿ ಆಮೇಲೆ ಉಪವಾಸ, ಹೆದರಿದ್ರೆ ನೇರಳೆ ಇಂಕ್ ಬೇರೆ ಬಿಡತ್ತೆ. ಇದೇ ಥ್ರೆಡ್ಡಲ್ಲಿ ಕೇಳ್ಬಿಡ್ತೀನಿ, ನನ್ ಟ್ಯಾಂಕ್ ತುಂಬಾ ಐಪ್ಟೇಸಿಯಾ (ಕಳೆ ಥರ ಹರಡೋ, ಚುಚ್ಚೋ ಸೀ ಅನಿಮೋನ್), ಕೆರೆದಷ್ಟೂ ಜಾಸ್ತಿ ಆಗ್ತಿದೆ, ಅದನ್ನ ತಿನ್ನೋ ಬರ್ಗಿಯಾ ಸ್ಲಗ್ ಹಾಕ್ಬಹುದಾ ಅಥವಾ ಅದೂ ಹಿಂಗೇ ವಿಷಾನಾ?

ಕಡಲ್_ಕರೆ_ಮುರುಡೇಶ್ವರ:
ಬರ್ಗಿಯಾ ಹಾಕ್ಬಹುದು, ಟ್ಯಾಂಕಲ್ಲಿ ಹಾಕ್ಲಿಕ್ಕೆ ಅರ್ಥ ಇರೋ ಸ್ಲಗ್ ಅಂದ್ರೆ ಅದೊಂದೇ ಅಂತ ನನ್ನ ಅಭಿಪ್ರಾಯ. ಐಪ್ಟೇಸಿಯಾ ಬಿಟ್ರೆ ಬೇರೆ ಏನೂ ಮುಟ್ಟೋದಿಲ್ಲ, ಕೆರೆಯೋದು ನಿಲ್ಸಿ, ಚೂರಾದ ತುಂಡಿಂದಲೇ ಹೊಸತು ಹುಟ್ತದೆ. ಬರ್ಗಿಯಾಗಳು ಐಪ್ಟೇಸಿಯಾದ ಚುಚ್ಚೋ ಕಣಗಳನ್ನ ನುಂಗಿ ಬೆನ್ನ ಮೇಲಿನ ಎಳೆಗಳ ತುದಿಗೆ ಸಾಗಿಸಿ ಇಟ್ಕೊಳ್ತವೆ, ನೀರಿಗೆ ಬಿಡೋದಿಲ್ಲ. ಲೈಟ್ ಆಫ್ ಆದ್ಮೇಲೆ ಹಾಕಿ, ಅವು ರಾತ್ರಿ ಓಡಾಡೋವು. ಒಂದೇ ಸಲಕ್ಕೆ ಕ್ಲೀನ್ ಆಗ್ತದೆ ಅಂತ ಕಾಯಬೇಡಿ, ಮೊಟ್ಟೆ ಇಟ್ಟು ಮರಿಯಾಗಿ ಸಂಖ್ಯೆ ಏರಬೇಕು, ಐಪ್ಟೇಸಿಯಾ ಮುಗಿದ ದಿನ ಉಳಿದ ಸ್ಲಗ್‌ಗಳನ್ನ ಐಪ್ಟೇಸಿಯಾ ಇರೋ ಇನ್ನೊಬ್ರಿಗೆ ದಾಟಿಸಬೇಕು. ಅಂದ ಹಾಗೆ ನಿಮ್ಮಲ್ಲಿ ಯಾವ ಮೀನುಂಟು? ಸಿಕ್ಸ್‌ಲೈನ್ ರಾಸ್ ಅಥವಾ ಪೆಪ್ಪರ್‌ಮಿಂಟ್ ಶ್ರಿಂಪ್ ಇದ್ರೆ ತರಲೇಬೇಡಿ, ಎಲ್ಲವನ್ನೂ ನುಂಗಿ ಹಾಕ್ತವೆ

ಟ್ಯಾಂಕ್_ಮೈಸೂರು:
ಸಿಕ್ಸ್‌ಲೈನ್ ಎರಡಿದೆ 😐