ತಾವೇ ಬರೆದು ತಾವೇ ಹಾಡಿದ ಹೆಣ್ಣುಮಕ್ಕಳ ಆಲ್ಬಮ್‌ಗಳು: ಎಲ್ಲಿಂದ ಶುರು ಮಾಡಬೇಕು?

ಮಂದ್ರಪಂಚಮ

ಎಲ್ಲರಿಗೂ ನಮಸ್ಕಾರ. ಟ್ರೇಸಿ ಚಾಪ್‌ಮನ್ ಅವರ ‘ಫಾಸ್ಟ್ ಕಾರ್’, ಕೇಟ್ ಬುಷ್ ಅವರ ‘ರನ್ನಿಂಗ್ ಅಪ್ ದಟ್ ಹಿಲ್’, ಜೋನಿ ಮಿಚೆಲ್ ಅವರ ‘ಬಿಗ್ ಯೆಲ್ಲೋ ಟ್ಯಾಕ್ಸಿ’ ಇವೆಲ್ಲ ಪ್ಲೇಲಿಸ್ಟ್‌ಗಳಲ್ಲಿ ಬಿಡಿಬಿಡಿಯಾಗಿ ಕೇಳಿ ಗೊತ್ತಿರೋವು. ಈಗ ಇಂಥವರ ಪೂರ್ತಿ ಆಲ್ಬಮ್‌ಗಳನ್ನು ಕೂತು ಕೇಳಬೇಕು ಅಂತಿದೆ. ಐದಾರು ಸಾಕು, ಆದರೆ ಯಾವುದಾದ ಮೇಲೆ ಯಾವುದು ಅನ್ನೋದನ್ನೂ ಹೇಳಿ. ಒಂದೇ ಆಲ್ಬಮ್ ಆಪ್‌ನಲ್ಲಿ ರೀಮಾಸ್ಟರ್ (ಹಳೇ ಮುದ್ರಣದ ಧ್ವನಿ ತಿದ್ದಿದ್ದು), ಡಿಲಕ್ಸ್ (ಹೆಚ್ಚುವರಿ ಹಾಡು ಸೇರಿಸಿದ್ದು) ಅಂತ ಮೂರು ನಾಲ್ಕು ಕಾಣಿಸುತ್ತೆ. ಯಾವುದನ್ನು ಒತ್ತಬೇಕು?

ಕಿವಿಗೆ ಕರ್ನಾಟಕ ಸಂಗೀತದ ರೂಢಿ ಇದೆ. ಇಂಗ್ಲಿಷ್ ಸಾಹಿತ್ಯ ಕೇಳಿದ ಕೂಡಲೇ ಹಿಡಿಯೋದು ಕಷ್ಟ. ಗಿಟಾರ್‌ನಲ್ಲಿ ಮಾಮೂಲಿ ಕಾರ್ಡ್‌ಗಳು ಬರುತ್ತವೆ, ನುಡಿಸಿ ಕಲಿಯೋಕೆ ಆಗುವಂಥವು ಇದ್ದರೆ ಇನ್ನೂ ಒಳ್ಳೇದು.

ಶ್ರುತಿಪೆಟ್ಟಿಗೆ

ನಿಮ್ಮ ಪರಿಸ್ಥಿತಿಗೆ ಮೊದಲು ಟ್ರೇಸಿ ಚಾಪ್‌ಮನ್, ಆಮೇಲೆ ಜೋನಿ ಮಿಚೆಲ್. ಒಂದು ದನಿ, ಒಂದು ವಾದ್ಯ ಇರೋ ಆಲ್ಬಮ್‌ಗಳನ್ನು ಮೊದಲು ಮುಗಿಸಿಕೊಳ್ಳಿ. ಹತ್ತಾರು ಪದರ ಇರೋವು ಆಮೇಲೆ ಬರಲಿ. ಹಾಡಿನ ಕಟ್ಟಡ ಎಲ್ಲಿದೆ ಅಂತ ಕಿವಿ ಒಮ್ಮೆ ಕಲಿತರೆ ಮುಂದಿನದೆಲ್ಲ ಸಲೀಸು.

‘ಟ್ರೇಸಿ ಚಾಪ್‌ಮನ್’ ಅವರ ಹೆಸರಿನದೇ ಮೊದಲ ಆಲ್ಬಮ್, 1988ರ ಏಪ್ರಿಲ್‌ನಲ್ಲಿ ಬಂದದ್ದು. ಹನ್ನೊಂದು ಹಾಡು, 36 ನಿಮಿಷ. ಪದಗಳನ್ನು ಬಿಡಿಸಿ ಬಿಡಿಸಿ ಹಾಡುತ್ತಾರೆ, ನಿರ್ಮಾಪಕ ಡೇವಿಡ್ ಕರ್ಶನ್‌ಬಾಮ್ ವಾದ್ಯಗಳನ್ನು ದನಿಯ ಹಿಂದೆಯೇ ಇಟ್ಟಿದ್ದಾರೆ, ಹಾಗಾಗಿ ಸಾಹಿತ್ಯ ಹಿಡಿಯೋಕೆ ಇದಕ್ಕಿಂತ ಒಳ್ಳೆ ಆರಂಭ ಇಲ್ಲ. ನಾಲ್ಕನೇ ಹಾಡು ‘ಬಿಹೈಂಡ್ ದ ವಾಲ್’ಗೆ ವಾದ್ಯವೇ ಇಲ್ಲ. ಗೋಡೆಯಾಚೆ ಹೆಂಗಸೊಬ್ಬಳ ಕಿರುಚಾಟ ಕೇಳುತ್ತೆ, ಪೊಲೀಸರು ಬಂದರೂ ತಡವಾಗಿ ಬರುತ್ತಾರೆ, ಅಷ್ಟೇ ವಿಷಯ. ಸಾಲುಗಳ ನಡುವೆ ಅವರು ಎಷ್ಟು ಹೊತ್ತು ಸುಮ್ಮನಿರುತ್ತಾರೆ ಅನ್ನೋದನ್ನು ಗಮನಿಸಿ, ಆ ಮೌನವೇ ಅಲ್ಲಿ ತಾಳ ಹಿಡಿಯೋದು. 1988ರ ಜೂನ್ 11ರಂದು ಲಂಡನ್ನಿನ ವೆಂಬ್ಲಿಯಲ್ಲಿ ಮಂಡೇಲಾ ಅವರ 70ನೇ ಹುಟ್ಟುಹಬ್ಬದ ಕಾರ್ಯಕ್ರಮ ನಡೆದಾಗ ಗಾಯಕ ಸ್ಟೀವಿ ವಂಡರ್ ಅವರ ಎಲೆಕ್ಟ್ರಾನಿಕ್ ವಾದ್ಯದ ಹಾರ್ಡ್ ಡಿಸ್ಕ್ ಕಾಣೆಯಾಗಿ, ಆ ಬಿಡುವು ತುಂಬಲು ಇವರು ಒಂದೇ ಗಿಟಾರ್ ಹಿಡಿದು ಎರಡನೇ ಸಲ ವೇದಿಕೆ ಹತ್ತಿದರು. ಅದೇ ವರ್ಷ ಸೆಪ್ಟೆಂಬರ್ 30ಕ್ಕೆ ದೆಹಲಿಯ ಜವಾಹರಲಾಲ್ ನೆಹರೂ ಕ್ರೀಡಾಂಗಣದಲ್ಲೂ ಹಾಡಿದ್ದಾರೆ.

‘ಫಾಸ್ಟ್ ಕಾರ್’ ನುಡಿಸೋಕೆ ಕೇಪೋ (ಎಲ್ಲ ತಂತಿಗಳನ್ನೂ ಒಟ್ಟಿಗೆ ಒತ್ತೋ ಹಿಡಿಕೆ) ಎರಡನೇ ಫ್ರೆಟ್‌ಗೆ (ಫ್ರೆಟ್ ಅಂದರೆ ಗಿಟಾರ್ ಕತ್ತಿನ ಲೋಹದ ಅಡ್ಡಪಟ್ಟಿ) ಹಾಕಿ, ಸಿ ಮೇಜರ್ 7, ಜಿ, ಇ ಮೈನರ್, ಡಿ ಆಕಾರಗಳು. ಬಹಳ ಜನ ಮೊದಲನೆಯದಕ್ಕೆ ಬರೀ ಸಿ ಹಿಡಿಯುತ್ತಾರೆ, ಆಗ ಹಾಡು ತನ್ನ ಬಣ್ಣ ಕಳೆದುಕೊಳ್ಳುತ್ತೆ. ಎರಡನೇ ತಂತಿಯ (ತೆಳು ತಂತಿಯ ಕಡೆಯಿಂದ ಎಣಿಸಿ) ಮೇಲಿನ ಬೆರಳು ತೆಗೆದು ಅದನ್ನು ಖಾಲಿ ಮೀಟಿ, ಬೇಕಾದ ನಾದ ಅದೇ.

ಎರಡನೆಯದು ಜೋನಿ ಮಿಚೆಲ್ ಅವರ ‘ಬ್ಲೂ’. 1971ರ ಜೂನ್, ಹತ್ತು ಹಾಡು. ಇದನ್ನು ವಾದ್ಯದ ಲೆಕ್ಕದಲ್ಲಿ ಕೇಳಿದರೆ ಬೇಗ ದಕ್ಕುತ್ತೆ. ‘ಆಲ್ ಐ ವಾಂಟ್’, ‘ಕ್ಯಾರಿ’, ‘ಕ್ಯಾಲಿಫೋರ್ನಿಯಾ’, ‘ಎ ಕೇಸ್ ಆಫ್ ಯೂ’ ಈ ನಾಲ್ಕರಲ್ಲಿ ಅವರ ಕೈಯಲ್ಲಿರೋದು ಡಲ್ಸಿಮರ್. ಅಮೆರಿಕದ ಅಪಲೇಶಿಯನ್ ಬೆಟ್ಟಗಳ ಕಡೆಯ ವಾದ್ಯ, ತೊಡೆಯ ಮೇಲೆ ಅಡ್ಡ ಇಟ್ಟುಕೊಂಡು ನುಡಿಸುತ್ತಾರೆ. ಒಂದು ಕಡೆಯ ತಂತಿಯಲ್ಲಿ ರಾಗ ನಡೆದರೆ ಉಳಿದವು ಆಧಾರ ಶ್ರುತಿಯಾಗಿ ಮೊಳಗುತ್ತಿರುತ್ತವೆ, ತಂಬೂರಿಗೆ ಪಳಗಿದ ನಿಮ್ಮ ಕಿವಿಗೆ ಅದು ತಕ್ಷಣ ಗುರುತು ಸಿಗುತ್ತೆ. ‘ಮೈ ಓಲ್ಡ್ ಮ್ಯಾನ್’, ‘ಬ್ಲೂ’, ‘ರಿವರ್’, ‘ದ ಲಾಸ್ಟ್ ಟೈಮ್ ಐ ಸಾ ರಿಚರ್ಡ್’ ಪಿಯಾನೋ ಹಾಡುಗಳು. ‘ರಿವರ್’ ಶುರುವಿನಲ್ಲಿ ಕ್ರಿಸ್‌ಮಸ್‌ನ ‘ಜಿಂಗಲ್ ಬೆಲ್ಸ್’ ಮಟ್ಟು ಸೊರಗಿದ ರೂಪದಲ್ಲಿ ಬರುತ್ತೆ. ಹಬ್ಬದ ದಿನ ಊರು ಬಿಟ್ಟು ಓಡಿಹೋಗಬೇಕು ಅನ್ನೋ ಹಾಡು ಅದು. ಉಳಿದ ಎರಡು ಗಿಟಾರಿನವು. ಅದರಲ್ಲಿ ‘ಲಿಟಲ್ ಗ್ರೀನ್’ 1965ರಲ್ಲಿ ಹುಟ್ಟಿ, ದತ್ತು ಕೊಡಬೇಕಾಗಿ ಬಂದ ಮಗಳ ಮೇಲಿನ ಹಾಡು. ಆ ಸಂಗತಿ ಎಷ್ಟೋ ವರ್ಷಗಳ ನಂತರ ಹೊರಬಂತು, ಅಲ್ಲಿಯವರೆಗೆ ಕೇಳುಗರಿಗೆ ಸಾಲುಗಳು ಒಗಟಾಗಿಯೇ ಇದ್ದವು.

‘ಬ್ಲೂ’ ಚೆನ್ನಾಗಿ ಇಳಿದ ಮೇಲೆ ಅವರದೇ ‘ಹೆಜಿರಾ’ಗೆ ಬನ್ನಿ, 1976. ಫೋನಿನ ಸ್ಪೀಕರ್‌ನಲ್ಲಿ ದಯವಿಟ್ಟು ಬೇಡ. ಒಂಬತ್ತರಲ್ಲಿ ನಾಲ್ಕು ಹಾಡಿಗೆ ಜಾಕೊ ಪಾಸ್ಟೋರಿಯಸ್ ಫ್ರೆಟ್ ಇಲ್ಲದ ಬಾಸ್ ನುಡಿಸಿದ್ದಾರೆ, ಅದರಲ್ಲಿ ಗಮಕದಂಥ ಜಾರು ಇದೆ. ಸಣ್ಣ ಸ್ಪೀಕರ್ ಆ ಬಾಸನ್ನು ನುಂಗಿಬಿಟ್ಟರೆ ಉಳಿಯೋದು ಅರ್ಧ ಹಾಡು.

ಸೂಜಿಮುಳ್ಳು

ಆಪ್‌ನ ಸೆಟ್ಟಿಂಗ್ ಬಗ್ಗೆ ಯಾರೂ ಹೇಳಿಲ್ಲ, ಆಲ್ಬಮ್ ಕೆಡೋದು ಅಲ್ಲೇ. ಶಫಲ್ ತೆಗೀರಿ. ಕ್ರಾಸ್‌ಫೇಡ್ ಸೊನ್ನೆಗೆ ಇಳಿಸಿ, ಇಲ್ಲದಿದ್ದರೆ ಒಂದು ಹಾಡಿನ ಬಾಲ ಮುಂದಿನದರ ತಲೆಗೆ ಕಲಸಿಹೋಗುತ್ತೆ. ಹಾಡುಗಳ ನಡುವೆ ಆಪ್ ಬಿಡುವು ಸೇರಿಸದಂತೆ ಗ್ಯಾಪ್‌ಲೆಸ್ ಆನ್ ಇರಲಿ. ಆಟೋಪ್ಲೇ ಆಫ್ ಮಾಡಿ. ಕೊನೆಯ ಹಾಡು ಮುಗಿದ ಮರುಕ್ಷಣ ಸಂಬಂಧವಿಲ್ಲದ ಇನ್ನೇನೋ ಶುರುವಾದರೆ ಅಷ್ಟು ಹೊತ್ತು ಕಟ್ಟಿದ್ದೆಲ್ಲ ಚದುರುತ್ತೆ. ಎಲ್ಲ ಹಾಡನ್ನೂ ಒಂದೇ ಗಟ್ಟಿಗೆ ತರುವ ನಾರ್ಮಲೈಸೇಶನ್ ಕೂಡ ಬೇಡ, ಮೆಲ್ಲಗೆ ಹಾಡಿದ್ದು ಮೆಲ್ಲಗೇ ಕೇಳಬೇಕು.

ಇದೆಲ್ಲ ಯಾಕೆ ಮುಖ್ಯ ಅಂತ ತಿಳಿಯೋಕೆ ಕೇಟ್ ಬುಷ್ ಅವರ ‘ಹೌಂಡ್ಸ್ ಆಫ್ ಲವ್’ ಒಂದೇ ಸಾಕು. 1985ರ ಸೆಪ್ಟೆಂಬರ್. ನಿರ್ಮಾಣವೂ ಅವರದೇ, ಮನೆಯವರ ತೋಟದ ಜಾಗದಲ್ಲಿ ತಾವೇ ಕಟ್ಟಿಸಿದ 24 ಟ್ರ್ಯಾಕ್ ಸ್ಟುಡಿಯೋದಲ್ಲಿ ಮಾಡಿದ್ದು. ಎಲ್‌ಪಿ ತಟ್ಟೆಯ ಮೊದಲ ಮೈಯಲ್ಲಿ ಐದು ಹಾಡು, ನೀವು ಕೇಳಿರೋ ‘ರನ್ನಿಂಗ್ ಅಪ್ ದಟ್ ಹಿಲ್’ ಅದರಲ್ಲಿ ಮೊದಲನೆಯದು. ಫೇರ್‌ಲೈಟ್ ಅನ್ನೋ ಸ್ಯಾಂಪ್ಲರ್‌ನ (ಧ್ವನಿ ತುಣುಕುಗಳನ್ನು ಹಿಡಿದಿಟ್ಟು ನುಡಿಸೋ ಯಂತ್ರ) ಎಳೆಯಿಂದ ಶುರುವಾಗೋ ಆ ಹಾಡು 2022ರ ಜೂನ್‌ನಲ್ಲಿ, ಅಂದರೆ 37 ವರ್ಷ ಆದ ಮೇಲೆ, ಬ್ರಿಟನ್ನಿನ ಪಟ್ಟಿಯಲ್ಲಿ ಮೊದಲ ಸ್ಥಾನಕ್ಕೆ ಬಂತು. ಆದರೆ ಆಲ್ಬಮ್ಮಿನ ಜೀವ ಇರೋದು ಎರಡನೇ ಮೈಯಲ್ಲಿ. ‘ದ ನೈನ್ತ್ ವೇವ್’ ಅಂತ ಏಳು ಹಾಡಿನ ಒಂದೇ ಕಥೆ: ರಾತ್ರಿ, ಸಮುದ್ರ, ನೀರಲ್ಲಿ ತೇಲುತ್ತ ನಿದ್ದೆಯನ್ನು ತಡೆಹಿಡಿಯುತ್ತಿರೋ ಒಬ್ಬ ಹೆಂಗಸು. ಆರನೇ ಟ್ರ್ಯಾಕ್‌ನಿಂದ ಹನ್ನೆರಡನೆಯವರೆಗೆ ನಿಲ್ಲಿಸದೆ ಕೇಳಿ, 26 ನಿಮಿಷದ ಆಸುಪಾಸು. ಬೆಳಗಾಗುತ್ತೆ, ಅಲ್ಲಿಗೆ ಮುಗೀತು. 1997ರ ಮರುಬಿಡುಗಡೆಯ ಸಿಡಿಯಲ್ಲಿ ಆ ಬೆಳಗಿನ ಬೆನ್ನಿಗೇ ಹೆಚ್ಚುವರಿ ಹಾಡುಗಳನ್ನು ಅಂಟಿಸಿದ್ದಾರೆ, ಅದನ್ನು ಬಿಟ್ಟುಬಿಡಿ. 2018ರಲ್ಲಿ ಕೇಟ್ ಬುಷ್ ಅವರೇ ಮುಂದೆ ನಿಂತು ಮಾಡಿಸಿದ ರೀಮಾಸ್ಟರ್ ತೊಗೊಳ್ಳಿ. ಡಿಲಕ್ಸ್ ವಿಷಯದಲ್ಲಿ ಎಲ್ಲದಕ್ಕೂ ಇದೇ ಮಾತು: ಮೂಲದಲ್ಲಿ ಎಷ್ಟು ಹಾಡಿದ್ದವೋ ಅಷ್ಟೇ ಇರೋದನ್ನು ಒತ್ತಿ.

ಸುಝಾನ್ ವೇಗಾ ಅವರ ‘ಸಾಲಿಟ್ಯೂಡ್ ಸ್ಟ್ಯಾಂಡಿಂಗ್’ (1987) ಕೂಡ ಸೇರಿಸಿ. ಮೊದಲ ಹಾಡು ‘ಟಾಮ್ಸ್ ಡೈನರ್’ ಬರೀ ದನಿ. ಜರ್ಮನಿಯ ಎಂಜಿನಿಯರ್ ಕಾರ್ಲ್‌ಹೈನ್ಜ್ ಬ್ರಾಂಡೆನ್‌ಬುರ್ಗ್ ಎಂಪಿ3 ರೂಪಿಸುವಾಗ ಇದನ್ನೇ ಪರೀಕ್ಷೆಗೆ ಬಳಸಿದರು. ಹಿನ್ನೆಲೆಯಲ್ಲಿ ಏನೂ ಇಲ್ಲದ ಕಾರಣ ಧ್ವನಿ ಕುಗ್ಗಿಸುವಾಗ ಆಗುವ ಹಾಳು ಮುಚ್ಚಿಡೋಕೆ ಜಾಗ ಇರಲಿಲ್ಲ. ನಿಮ್ಮ ಹೆಡ್‌ಫೋನ್‌ಗೂ ಇದೇ ಪರೀಕ್ಷೆ ಮಾಡಿ: ಕಡಿಮೆ ಗುಣಮಟ್ಟ, ಗರಿಷ್ಠ ಗುಣಮಟ್ಟ ಎರಡರಲ್ಲೂ ಹಾಕಿ, ‘ಸ’ಕಾರಗಳು ಮತ್ತು ಉಸಿರು ತೆಗೆಯೋ ಜಾಗ ಕೇಳಿ. ಡೇಟಾ ಚಿಂತೆ ಇದ್ದರೆ, 320 ಕೆಬಿಪಿಎಸ್ ಗುಣಮಟ್ಟದಲ್ಲಿ ನಿಮಿಷಕ್ಕೆ 2.4 ಎಂಬಿ. ‘ಬ್ಲೂ’ ಇಡೀ ಆಲ್ಬಮ್ 90 ಎಂಬಿ ಒಳಗೇ ಆಗುತ್ತೆ, ವೈಫೈ ಇರುವಾಗ ಇಳಿಸಿಟ್ಟುಕೊಳ್ಳಿ.

ಕಡಲತಡಿ

ಎಲ್ಲ ಸರಿ ಮಾರಾಯ್ರೆ, ‘ಟ್ಯಾಪೆಸ್ಟ್ರಿ’ ಎಲ್ಲಿ? ಕ್ಯಾರೊಲ್ ಕಿಂಗ್, 1971ರ ಫೆಬ್ರವರಿ, ಹನ್ನೆರಡು ಹಾಡು. ‘ಬ್ಲೂ’ ಮುದ್ರಣವಾದ ಹಾಲಿವುಡ್‌ನ ಎ ಆ್ಯಂಡ್ ಎಂ ಸ್ಟುಡಿಯೋದಲ್ಲೇ ಇದೂ ಆದದ್ದು. ಜೇಮ್ಸ್ ಟೇಲರ್ ಗಿಟಾರ್ ಎರಡರಲ್ಲೂ ಉಂಟು. ‘ವಿಲ್ ಯೂ ಲವ್ ಮಿ ಟುಮಾರೊ’ದಲ್ಲಿ ಹಿನ್ನೆಲೆಗೆ ಜೋನಿ ಮಿಚೆಲ್ ದನಿ ಕೇಳ್ತದೆ. ಆ ಹಾಡನ್ನು ಹತ್ತು ವರ್ಷ ಮೊದಲು ಶಿರೆಲ್ಸ್ ತಂಡಕ್ಕೆ ಬರೆದು ಕೊಟ್ಟದ್ದು ಕ್ಯಾರೊಲ್ ಕಿಂಗ್ ಮತ್ತು ಗೆರಿ ಗಾಫಿನ್. ಶಿರೆಲ್ಸ್ ಹಾಡಿದ್ದನ್ನು ಮೊದಲು ಕೇಳಿ, ಮತ್ತೆ ಇದನ್ನು ಕೇಳಿ. ಹುಡುಗಿಯ ಪ್ರಶ್ನೆ ಇದ್ದದ್ದು ಇಲ್ಲಿ ಬಾಳು ಕಂಡ ಹೆಂಗಸಿನ ಪ್ರಶ್ನೆ ಆಗ್ತದೆ, ಬರೀ ಗತಿ ಇಳಿಸಿದ್ದರಿಂದ.

ಇಂಗ್ಲಿಷ್ ಮಾತ್ರ ಯಾಕೆ? ಚಿಲಿಯ ವಿಯೊಲೆಟಾ ಪಾರಾ ಅವರ 1966ರ ಕೊನೆಯ ರಚನೆಗಳ ಆಲ್ಬಮ್, ‘ಲಾಸ್ ಉಲ್ಟಿಮಾಸ್ ಕಾಂಪೊಸಿಸಿಯೋನೆಸ್’, ಇದನ್ನು ಬಿಟ್ಟರೆ ಪಟ್ಟಿ ಕುಂಟ್ತದೆ. ‘ಗ್ರಾಸಿಯಾಸ್ ಆ ಲಾ ವಿದಾ’ ಅದರದ್ದೇ. ಕಣ್ಣು, ಕಿವಿ, ಪದ, ನಡೆಯುವ ಕಾಲು ಇಷ್ಟನ್ನು ಕೊಟ್ಟ ಬದುಕಿಗೆ ಒಂದೊಂದಾಗಿ ಕೃತಜ್ಞತೆ ಹೇಳುವ ಹಾಡು. ಚರಾಂಗೊ ಎಂಬ ಆಂಡಿಸ್ ಸೀಮೆಯ ಸಣ್ಣ ತಂತಿವಾದ್ಯ ಒಂದೇ ಸಮನೆ ಮೀಟ್ತಾ ಇರ್ತದೆ, ದನಿ ಎಲ್ಲಿಯೂ ಏರುವುದಿಲ್ಲ. 1967ರ ಫೆಬ್ರವರಿಯಲ್ಲಿ ಅವರು ಆತ್ಮಹತ್ಯೆ ಮಾಡಿಕೊಂಡರು. ಅರ್ಜೆಂಟೀನಾದ ಗಾಯಕಿ ಮರ್ಸಿಡೆಸ್ ಸೋಸಾ ಹಾಡಿದ್ದು ಹೆಚ್ಚು ಪ್ರಸಿದ್ಧ, ಆದರೆ ಮೂಲ ಮೊದಲು ಕೇಳಿ ಅಂತ ನನ್ನ ಒತ್ತಾಯ.

ಅನುಪಲ್ಲವಿ

ಅರೂಜ್ ಆಫ್ತಾಬ್ ಅವರ ‘ವಲ್ಚರ್ ಪ್ರಿನ್ಸ್’ (2021) ಸೇರಿಸಬಹುದಾ? ಪಾಕಿಸ್ತಾನಿ ಮೂಲ, ನ್ಯೂಯಾರ್ಕ್ ವಾಸ. ಅದರ ‘ಮೊಹಬ್ಬತ್’ಗೆ 2022ರಲ್ಲಿ ಗ್ರ್ಯಾಮಿ ಬಂತು. ಹಾರ್ಪ್, ಗಿಟಾರ್, ದನಿ, ಸುತ್ತ ಬೇಕಾದಷ್ಟು ಖಾಲಿ ಜಾಗ. ಸಾಹಿತ್ಯ ಮಾತ್ರ ಹಫೀಜ್ ಹೋಶಿಯಾರ್‌ಪುರಿ ಅವರ ಗಜಲ್.

ಶ್ರುತಿಪೆಟ್ಟಿಗೆ

@ಅನುಪಲ್ಲವಿ, ಆಲ್ಬಮ್ ಅಪರೂಪದ್ದು, ಖಂಡಿತ ಕೇಳಲೇಬೇಕು. ಆದರೆ ಇಲ್ಲಿ ಕೇಳಿರೋ ಪಟ್ಟಿಗೆ ಸೇರಲ್ಲ ಅನ್ಸುತ್ತೆ. ಅದು ನಮ್ಮ ಭಾವಗೀತೆಯ ದಾರಿಗೆ ಹತ್ತಿರ: ನಿಸಾರ್ ಅಹಮದ್ ಅವರ ಕವಿತೆ, ಮೈಸೂರು ಅನಂತಸ್ವಾಮಿ ಅವರ ರಾಗ. ಅಲ್ಲಿ ರಾಗ ಹಾಕುವವರು ಕವಿತೆಯನ್ನು ಓದಿ ಅರ್ಥ ಹೇಳುತ್ತಾರೆ, ಹಾಡುವವರು ಇನ್ನೊಂದು ಅರ್ಥ ಸೇರಿಸುತ್ತಾರೆ. ಇಲ್ಲಿ ಮೂವರೂ ಒಬ್ಬರೇ ಆಗಿರೋದರಿಂದ ಸಾಲು ಛಂದಸ್ಸಿಗೆ ಕೂರದಿದ್ದರೆ ರಾಗವನ್ನೇ ಎಳೆದು ಹಿಗ್ಗಿಸುತ್ತಾರೆ. ‘ದ ಲಾಸ್ಟ್ ಟೈಮ್ ಐ ಸಾ ರಿಚರ್ಡ್’ನಲ್ಲಿ ಒಂದೇ ಉಸಿರಿಗೆ ಎಷ್ಟು ಪದ ತುರುಕಿದ್ದಾರೆ ನೋಡಿ, ಬೇರೆಯವರ ಪದಕ್ಕೆ ಯಾರೂ ಅಷ್ಟು ಸಲುಗೆ ತೊಗೊಳ್ಳಲ್ಲ. ‘ಟ್ಯಾಪೆಸ್ಟ್ರಿ’ ಕೂಡ ಈ ಅಳತೆಗೆ ಪೂರ್ತಿ ನಿಲ್ಲಲ್ಲ, ‘ಇಟ್ಸ್ ಟೂ ಲೇಟ್’ ಸಾಹಿತ್ಯ ಟೋನಿ ಸ್ಟರ್ನ್ ಅವರದು. ಹಾಗಂತ ಅದನ್ನು ಬಿಡಿ ಅನ್ನೋ ಧೈರ್ಯ ನನಗಿಲ್ಲ.

ಮಂದ್ರಪಂಚಮ

ಎಲ್ಲರಿಗೂ ತುಂಬಾ ಥ್ಯಾಂಕ್ಸ್, ಟ್ರೇಸಿ ಚಾಪ್‌ಮನ್‌ನಿಂದಲೇ ಶುರು. ಇನ್ನೊಂದು ಮಾತು: ‘ಬಿಗ್ ಯೆಲ್ಲೋ ಟ್ಯಾಕ್ಸಿ’ಗೆ ಗಿಟಾರನ್ನು ‘ಓಪನ್ ಇ’ಗೆ (ಖಾಲಿ ತಂತಿಗಳನ್ನು ಮೀಟಿದರೇ ಇ ಕಾರ್ಡ್ ಬರೋ ಹಾಗೆ) ಶ್ರುತಿ ಮಾಡಿ ಅಂತಾರೆ. ತಂತಿ ಅಷ್ಟು ಬಿಗಿ ಮಾಡೋಕೆ ಭಯ. ಬೇರೆ ದಾರಿ ಇದೆಯಾ?

ತಂತಿಮೀಟು

ಇದೆ, ಭಯ ಪಡೋದೂ ಸರಿಯೇ. ಓಪನ್ ಇಗೆ ಐದನೇ, ನಾಲ್ಕನೇ ತಂತಿಯನ್ನು ಎರಡೆರಡು ಫ್ರೆಟ್‌ನಷ್ಟು, ಮೂರನೆಯದನ್ನು ಒಂದು ಫ್ರೆಟ್‌ನಷ್ಟು ಏರಿಸಬೇಕು. ಹಳೇ ತಂತಿ ಇದ್ದರೆ ಕಡಿಯುತ್ತೆ, ಗಿಟಾರ್ ಕತ್ತಿನ ಮೇಲೂ ಎಳೆತ ಬೀಳುತ್ತೆ. ಬದಲಿಗೆ ‘ಓಪನ್ ಡಿ’ ಮಾಡಿ ಎರಡನೇ ಫ್ರೆಟ್‌ಗೆ ಕೇಪೋ ಹಾಕಿ, ನಾದ ಓಪನ್ ಇನದೇ ಬರುತ್ತೆ.

ಐದು ಮತ್ತು ನಾಲ್ಕನ್ನು ಮುಟ್ಟಬೇಡಿ. ಆರನೇ ತಂತಿ ಇಯಿಂದ ಡಿಗೆ, ಮೂರನೆಯದು ಜಿಯಿಂದ ಎಫ್ ಶಾರ್ಪ್‌ಗೆ, ಎರಡನೆಯದು ಬಿಯಿಂದ ಎಗೆ, ಒಂದನೆಯದು ಇಯಿಂದ ಡಿಗೆ, ಎಲ್ಲವೂ ಇಳಿಸೋದೇ. ಬೇಕಾದ ಸ್ವರಕ್ಕಿಂತ ಸ್ವಲ್ಪ ಕೆಳಗೆ ಹೋಗಿ ಅಲ್ಲಿಂದ ಮೇಲೆ ಬನ್ನಿ, ಇಲ್ಲದಿದ್ದರೆ ಬಿರಡೆಯ ಸಡಿಲದಿಂದ ಎರಡು ನಿಮಿಷಕ್ಕೇ ಜಾರುತ್ತೆ. ಈಗ ಆರರಿಂದ ಒಂದರವರೆಗೆ ಮೀಟಿದರೆ ನಿಮಗೆ ಪರಿಚಯದ್ದೇ ಕೇಳಬೇಕು: ಸ–ಪ–ಸ–ಗ–ಪ–ಸ. ಗ ಅಂದರೆ ಅಂತರ ಗಾಂಧಾರ. ಇಲ್ಲೊಂದು ಎಚ್ಚರಿಕೆ. ಕರ್ನಾಟಕ ಸಂಗೀತದ ಕಿವಿ ಆ ಗಾಂಧಾರವನ್ನು ಟ್ಯೂನರ್ ತೋರಿಸೋದಕ್ಕಿಂತ 14 ಸೆಂಟ್‌ನಷ್ಟು (ಒಂದು ಫ್ರೆಟ್ ಅಂದರೆ 100 ಸೆಂಟ್) ಕೆಳಗೆ ಇಡೋಕೆ ನೋಡುತ್ತೆ. ಒಬ್ಬರೇ ಮೀಟುವಾಗ ಅದು ಸಿಹಿಯಾಗಿರುತ್ತೆ, ರೆಕಾರ್ಡಿನ ಜೊತೆ ನುಡಿಸುವಾಗ ಹೊಂದಲ್ಲ. ಮೂರನೇ ತಂತಿಗೆ ಮಾತ್ರ ಟ್ಯೂನರ್ ಮಾತು ಕೇಳಿ.

ಕೇಪೋ ಹಾಕಿದ ಮೇಲೆ ಮತ್ತೊಮ್ಮೆ ಶ್ರುತಿ ನೋಡಿ, ಒತ್ತಡಕ್ಕೆ ತಂತಿಗಳು ಸ್ವಲ್ಪ ಏರಿರುತ್ತವೆ. ಇಳಿಸಿದ ತಂತಿ ಫ್ರೆಟ್‌ಗೆ ಬಡಿದು ಝರ್ ಅಂದರೆ ತಂತಿ ತೀರಾ ತೆಳು ಅಂತ ಅರ್ಥ. ಒಂದನೇ ತಂತಿ 0.010 ಇಂಚಿನ ಸೆಟ್ ಬದಲು 0.012ರದ್ದು ಹಾಕಿ. ಹಾಡಿಗೆ ಬೇಕಾದ್ದು ಮೂರೇ ಜಾಗ: ಖಾಲಿ ತಂತಿ ಇ, ಕೇಪೋದಿಂದ ಐದನೇ ಫ್ರೆಟ್‌ನಲ್ಲಿ ಒಂದೇ ಬೆರಳನ್ನು ಅಡ್ಡ ಒತ್ತಿದರೆ ಎ, ಏಳರಲ್ಲಿ ಬಿ. ಜೋನಿ ಮಿಚೆಲ್ ಇಂಥ ಶ್ರುತಿಗಳನ್ನು ಹಿಡಿದದ್ದೂ ಇದಕ್ಕೇ. ಒಂಬತ್ತನೇ ವಯಸ್ಸಿನಲ್ಲಿ ಬಂದ ಪೋಲಿಯೋದಿಂದ ಎಡಗೈ ಸೋತಿತ್ತು, ಕಷ್ಟದ ಕಾರ್ಡ್ ಆಕಾರಗಳಿಗೆ ಬೆರಳು ಒಗ್ಗುತ್ತಿರಲಿಲ್ಲ.

ಇದು ಬಂದ ಮೇಲೆ ‘ಲಿಟಲ್ ಗ್ರೀನ್’ಗೆ ಹೋಗಿ. ಮಾಮೂಲಿ ಶ್ರುತಿಯಿಂದ ಆರು, ಐದು, ಒಂದನೇ ತಂತಿಗಳನ್ನು ಮಾತ್ರ ಎರಡೆರಡು ಫ್ರೆಟ್ ಇಳಿಸಿದರೆ ಓಪನ್ ಜಿ, ಕೇಪೋ ನಾಲ್ಕರಲ್ಲಿ. ಅಲ್ಲಿ ಷಡ್ಜ ಐದನೇ ತಂತಿಗೆ ಬರುತ್ತೆ, ಹಾಗಾಗಿ ಹೆಬ್ಬೆರಳು ಆರನೆಯದರ ಮೇಲೆ ಶುರು ಮಾಡೋ ಅಭ್ಯಾಸ ಬಿಡಬೇಕು.