ನೆಟ್‌ಇನ್‌ಸ್ಟಾಲ್ ಪಟ್ಟಿ ಖಾಲಿ, ರೌಟರ್ ಕಾಣ್ತಾನೇ ಇಲ್ಲ. ಅನುಭವ ಇದ್ದವರು ಹೇಳ್ರಿ

ಜೇವರ್ಗಿ ರಸ್ತೆ, ಕಲಬುರಗಿ:
ನಮ್ಮದು ಚಿಕ್ಕ ಇಂಟರ್ನೆಟ್ ವ್ಯವಹಾರ. ಮೈಕ್ರೋಟಿಕ್ ರೌಟರ್‌ಗೆ ಅಪ್‌ಡೇಟ್ ಹಾಕುವಾಗ ಕರೆಂಟ್ ಹೋಯಿತು. ಈಗ ಅದು ಏಳುತ್ತಿಲ್ಲ. ನೆಟ್‌ವರ್ಕ್ ಮೂಲಕ ಬೂಟ್ ಮಾಡಿಸೋಣ ಅಂದರೆ ನೆಟ್‌ಇನ್‌ಸ್ಟಾಲ್‌ನಲ್ಲಿ (ಲ್ಯಾಪ್‌ಟಾಪ್‌ನಿಂದ ರೌಟರ್‌ಗೆ ಸಾಫ್ಟ್‌ವೇರ್ ಮತ್ತೆ ಹಾಕುವ ಮೈಕ್ರೋಟಿಕ್ ಪ್ರೋಗ್ರಾಂ) ರೌಟರ್ ಹೆಸರೇ ಬರುತ್ತಿಲ್ಲ. ಬೆಳಿಗ್ಗೆಯಿಂದ ರೀಸೆಟ್ ಬಟನ್ ಒತ್ತಿ ಒತ್ತಿ ಬೆರಳು ನೋಯುತ್ತಿದೆ.

ಬೀದರ್‌ನಿಂದ:
ನನ್ನದೂ ಇದೇ ಕಥೆ ಆಗಿತ್ತು ಸರ್. ಎರಡು ದಿನ ರೌಟರ್‌ಗೆ ಬೈದೆ, ತಪ್ಪು ಲ್ಯಾಪ್‌ಟಾಪ್‌ದು. ಮೊದಲು ಒಂದೇ ವಿಷಯ ನೋಡಿ: ರೌಟರ್ ಕೇಳುತ್ತಲೇ ಇಲ್ಲವೋ, ಅಥವಾ ಕೇಳಿದರೂ ಲ್ಯಾಪ್‌ಟಾಪ್ ಉತ್ತರ ಕೊಡುತ್ತಿಲ್ಲವೋ? ಕೇಬಲ್‌ನಲ್ಲಿ ಓಡಾಡುವ ಡೇಟಾ ತೋರಿಸುವ ವೈರ್‌ಶಾರ್ಕ್ ಪ್ರೋಗ್ರಾಂ ಹಾಕಿ, ವಿಳಾಸ ಕೇಳುವ-ಕೊಡುವ ಯುಡಿಪಿ ಪೋರ್ಟ್ 67, 68 ನೋಡಿ. ರೌಟರ್ ಮೊದಲು ಬೂಟ್‌ಪಿಯಲ್ಲಿ ವಿಳಾಸ ಕೇಳುತ್ತದೆ, ಆಮೇಲೆ ಟಿಎಫ್‌ಟಿಪಿಯಲ್ಲಿ ಫೈಲ್ ಎಳೆಯುತ್ತದೆ. 0.0.0.0 ಇಂದ (ಅಂದರೆ ಇನ್ನೂ ವಿಳಾಸ ಸಿಗದ ರೌಟರ್‌ನಿಂದ) ಕೂಗು ಬರುತ್ತಿದ್ದರೆ ರೌಟರ್‌ಗೆ ಜೀವ ಇದೆ, ಹೆದರಬೇಡಿ. ಆಗ ವೈಫೈ ಆಫ್ ಮಾಡಿ. ವರ್ಚುವಲ್‌ಬಾಕ್ಸ್ (ಲ್ಯಾಪ್‌ಟಾಪ್ ಒಳಗೇ ಇನ್ನೊಂದು ಕಂಪ್ಯೂಟರ್ ಓಡಿಸುವ ಪ್ರೋಗ್ರಾಂ) ಹಾಕಿದ್ದರೆ ಅದರ ನೆಟ್‌ವರ್ಕ್ ಅಡಾಪ್ಟರ್ ಕೂಡ. ಫೈರ್‌ವಾಲ್ ಸ್ವಲ್ಪ ಹೊತ್ತು ಆಫ್ ಮಾಡಿ. ಲ್ಯಾಪ್‌ಟಾಪ್‌ಗೆ 192.168.88.2 ಅಂತ ಕೈಯಾರೆ ಕೊಡಿ, ನೆಟ್‌ಇನ್‌ಸ್ಟಾಲ್ ಒಳಗೆ ರೌಟರ್‌ಗೆ 192.168.88.3.

ಕೂಗೇ ಬರದಿದ್ದರೆ ಬಟನ್ ಬೇಗ ಬಿಡುತ್ತಿದ್ದೀರಿ ಅನ್ನಿಸುತ್ತದೆ. ಒತ್ತಿಕೊಂಡೇ ಕರೆಂಟ್ ಕೊಡಬೇಕು. ಲೈಟ್ ಮಿನುಗಿದ ಕೂಡಲೇ ಬಿಟ್ಟರೆ ಸೆಟ್ಟಿಂಗ್ ಮಾತ್ರ ಅಳಿಯುತ್ತದೆ. ಲೈಟ್ ಆರುವವರೆಗೆ ಹಿಡಿಯಿರಿ. ಕೇಬಲ್ ಮೊದಲ ಪೋರ್ಟ್‌ನಲ್ಲೇ ಇದೆ ಅಲ್ವಾ? ಕೆಲವು ಮಾಡೆಲ್‌ನಲ್ಲಿ ಬೇರೆ ಪೋರ್ಟ್ ಮೇಲೆ ಬೂಟ್ ಅಂತ ಬರೆದಿರುತ್ತದೆ.

ಯಾದಗಿರಿಯಿಂದ:
ರೌಟರ್, ಲ್ಯಾಪ್‌ಟಾಪ್ ನಡುವೆ ಒಂದು ಹಳೆ ಐದು ಪೋರ್ಟ್ ನೆಟ್‌ವರ್ಕ್ ಸ್ವಿಚ್ ಇಡಿ. ನೇರ ಕೇಬಲ್ ಹಾಕಿದರೆ ರೌಟರ್ ಆಫ್-ಆನ್ ಆದಾಗ ಲ್ಯಾಪ್‌ಟಾಪ್ ಕಡೆಯ ಲಿಂಕೂ ಬೀಳುತ್ತದೆ. ವಿಂಡೋಸ್ ಎಚ್ಚರ ಆಗುವಷ್ಟರಲ್ಲಿ ರೌಟರ್ ಕೇಳಿ ಸುಮ್ಮನಾಗಿರುತ್ತದೆ.

ಸೇಡಂನಿಂದ:
ಪವರ್ ಅಡಾಪ್ಟರ್ ಕೂಡ ನೋಡ್ರಿ. ಮೇ ತಿಂಗಳಲ್ಲಿ ನಮ್ಮ ಕಡೆ 40 ಡಿಗ್ರಿ ದಾಟುತ್ತದೆ. ಮಾಳಿಗೆ ಮೇಲಿನ ತಗಡಿನ ಡಬ್ಬಿಯಲ್ಲಿ ಅಡಾಪ್ಟರ್ ಎಷ್ಟು ದಿನ ತಡೆದೀತು? ನನ್ನದರಲ್ಲಿ ಲೈಟ್ ಉರಿಯುತ್ತಿತ್ತು. ಮೀಟರ್ ಹಚ್ಚಿದರೆ 24 ವೋಲ್ಟ್ ಸರಿಯಾಗೇ ತೋರಿಸುತ್ತಿತ್ತು. ರೌಟರ್‌ಗೆ ಚುಚ್ಚಿದ ಕೂಡಲೇ ಕುಸಿಯುತ್ತಿತ್ತು. ಅಷ್ಟೇ ವೋಲ್ಟಿನ ಬೇರೆ ಅಡಾಪ್ಟರ್ ಹಾಕಿದೆ, ಎದ್ದಿತು.

ಜೇವರ್ಗಿ ರಸ್ತೆ, ಕಲಬುರಗಿ:
ಬೀದರ್ ಅಣ್ಣಾ, ನಿಮ್ಮ ಮಾತೇ ಖರೆ ಆಯಿತು. ಕೂಗು ಬರುತ್ತಿತ್ತು, ವರ್ಚುವಲ್‌ಬಾಕ್ಸ್ ಅಡಾಪ್ಟರ್ ಅಡ್ಡ ಬರುತ್ತಿತ್ತು. ಅದನ್ನು ಬಂದ್ ಮಾಡಿ, ಸ್ವಿಚ್ ಇಟ್ಟ ಮೇಲೆ ಹೆಸರು ಬಂತು. ಆಮೇಲೆ ಎಆರ್‌ಎಂ ಚಿಪ್‌ನ ರೌಟರ್‌ಗೆ ಬೇರೆ ಜಾತಿ ಚಿಪ್‌ನ ಎಂಐಪಿಎಸ್‌ಬಿಇ ಫೈಲ್ ತೋರಿಸಿ ಇನ್ನೊಂದು ಗಂಟೆ ಕಳೆದೆ. ಲೈಸೆನ್ಸ್ ಹಾಗೇ ಉಳಿದಿದೆ. ಹಳೆ ಸೆಟ್ಟಿಂಗ್ ಉಳಿಸುವ ಟಿಕ್ ಹಾಕುವುದು ಮಾತ್ರ ಮರೆತೆ. ಬ್ಯಾಕಪ್ ದೀಪಾವಳಿ ಹೊತ್ತಿನದು. ಈಗ ಹೊಸ ಗಿರಾಕಿಗಳ ಹೆಸರು ಒಂದೊಂದೇ ಟೈಪ್ ಮಾಡುತ್ತಾ ಕೂತಿದ್ದೇನೆ, ಫೋನ್ ಬೇರೆ ಬಡಿದುಕೊಳ್ಳುತ್ತಿದೆ.