ಅಪ್‌ಡೇಟ್: ಸುಡುತ್ತಿದ್ದ 3.3 ವೋಲ್ಟ್ ರೆಗ್ಯುಲೇಟರ್ ಕೊನೆಗೂ ತಣ್ಣಗಾಯಿತು

ಸಿಂಧನೂರು ಹತ್ತಿರದ ನಮ್ಮ ಭತ್ತದ ಗದ್ದೆಯಲ್ಲಿ ನೀರಿನ ಮಟ್ಟ ನೋಡುವ ಇಎಸ್‌ಪಿ32 (ವೈಫೈ ಇರುವ ಪುಟ್ಟ ಕಂಪ್ಯೂಟರ್ ಚಿಪ್) ಬೋರ್ಡ್, ವೈಫೈ ಸ್ವಲ್ಪ ಹೊತ್ತು ಓಡಿದರೆ ರೀಸೆಟ್ ಆಗುತ್ತಿದೆ ಎಂದು ಇಲ್ಲಿ ಮೊದಲು ಕೇಳಿದ್ದೆನಲ್ಲ, ಈಗ ಸರಿಯಾಗಿದೆ. ಬ್ಯಾಟರಿಯ ವೋಲ್ಟೇಜ್ ಇಳಿಸಿ ಬೋರ್ಡಿಗೆ 3.3 ವೋಲ್ಟ್ ಕೊಡುವ ರೆಗ್ಯುಲೇಟರ್ ಚಿಪ್ (ಎಎಂಎಸ್1117) ವಿಪರೀತ ಬಿಸಿಯಾಗುತ್ತಿದ್ದದ್ದೇ ಕಾರಣ.

ಮೊದಲು ಅದಕ್ಕೆ ಹೀಟ್‌ಸಿಂಕ್ (ಬಿಸಿ ಹೊರಹಾಕುವ ಲೋಹದ ತುಂಡು) ಹಚ್ಚಿ ನೋಡಿದೆ. ಬೆಳಿಗ್ಗೆ ಪರವಾಗಿಲ್ಲ, ಮಧ್ಯಾಹ್ನ ಮತ್ತೆ ಅದೇ ಗೋಳು. ನಮ್ಮ ರಾಯಚೂರು ಬಿಸಿಲಿಗೆ, ಅದೂ ಮುಚ್ಚಿದ ಡಬ್ಬಿಯೊಳಗೆ, ಅದು ತಾನೇ ಏನು ಮಾಡೀತು? ದೊಡ್ಡ ಕೆಪಾಸಿಟರ್ ಹಾಕಿದ್ದೂ ಉಪಯೋಗಕ್ಕೆ ಬರಲಿಲ್ಲ.

ನನ್ನ ಪ್ರಶ್ನೆಗೆ ಲೆಕ್ಕ ಹಾಕಿ ತೋರಿಸಿದವರ ಮಾತೇ ನಿಜವಾಯಿತು. 12 ವೋಲ್ಟ್ ಬ್ಯಾಟರಿಯಿಂದ ನೇರ 3.3ಕ್ಕೆ ಇಳಿಸಿದರೆ ಉಳಿದ 8.7 ವೋಲ್ಟ್ ಸುಮ್ನೆ ಬಿಸಿಯಾಗಿ ಹೋಗುತ್ತದೆ. 200 ಮಿಲಿಆಂಪಿಗೆ ಸುಮಾರು 1.7 ವ್ಯಾಟ್, ಅಷ್ಟು ಚಿಕ್ಕ ಚಿಪ್ ಮೇಲೆ! ಕೆಲಸಕ್ಕೆ ಬರುವುದು ಶೇ. 27ರಷ್ಟು ಮಾತ್ರ. ಈಗ ಮೊದಲು ಬಕ್ ಕನ್ವರ್ಟರಿನಿಂದ (ಹೆಚ್ಚು ಬಿಸಿಯಾಗದೆ ವೋಲ್ಟೇಜ್ ಇಳಿಸುವ ಸರ್ಕ್ಯೂಟ್) 5 ವೋಲ್ಟ್, ಆಮೇಲೆ ಅದೇ ಹಳೇ ಎಎಂಎಸ್1117. ಬೆರಳಿಟ್ಟರೆ ಸ್ವಲ್ಪ ಬೆಚ್ಚಗಿರುತ್ತದೆ, ಅಷ್ಟೇ.

ಗೊತ್ತೇ ಇರದ ಇನ್ನೊಂದು ವಿಷಯ ಸಿಕ್ಕಿತು. ಡೀಪ್ ಸ್ಲೀಪ್‌ನಲ್ಲಿ (ಬಹುಪಾಲು ಭಾಗ ಆಫ್ ಆಗಿ ಮಲಗಿರುವಾಗ) ಇಎಸ್‌ಪಿ32 ಚಿಪ್‌ಗೆ 10 ಮೈಕ್ರೋಆಂಪ್ ಸಾಕು. ಆದರೆ ಎಎಂಎಸ್1117 ತಾನೊಂದೇ ಸುಮಾರು 5 ಮಿಲಿಆಂಪ್ ತಿನ್ನುತ್ತದೆ! ಬ್ಯಾಟರಿ ಬೇಗ ಇಳಿಯುವುದಕ್ಕೆ ಅದೂ ಒಂದು ಕಾರಣ ಅಲ್ವಾ. 500 ಮಿಲಿಆಂಪ್ ಕೊಟ್ಟು, ಸುಮ್ಮನಿದ್ದಾಗ ಕಡಿಮೆ ತಿನ್ನುವ ಎಲ್‌ಡಿಒ (ಇದೇ ಬಗೆಯ ರೆಗ್ಯುಲೇಟರ್) ಯಾರಾದರೂ ಬಳಸಿದ್ದರೆ ಹೇಳಿ.